ಎಡಗಡೆ ಕಾಣದ ದಿನ

ಮಳವಳ್ಳಿ
12 ಜೂನ್ 1941

ಚಲುವನಾರಾಯಣನಿಗೆ ಅಫ್ಸರ್ ಪಾಷಾನ ಸಲಾಮು.

ಮಂಡ್ಯದ ಡಾಕ್ಟರ ಷಾಪಿನಲ್ಲಿ ನೀನು ಕಾಂಪೌಂಡರ್ ಆಗಿ ಆರು ವರ್ಷವಾಯಿತು. ಇಷ್ಟು ದಿನ ನಿನ್ನಿಂದ ಒಂದು ಗುಳಿಗೆಯನ್ನೂ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ. ತಲೆನೋವಿಗೆ ಗಟ್ಟಿಯಾದ ಪುಡಿ ಏನಾದರೂ ಇದ್ದರೆ ಕಳಿಸು. ಬಸ್ಸಿನವರ ಕೈಲಿ ಕೊಡಬೇಡ, ಟಪಾಲಿನಲ್ಲೇ ಬರಲಿ.

ಇದು ಹೊಸ ನೋವಲ್ಲ. ನಾವಿಬ್ಬರೂ ಲೋಯರ್ ಸೆಕೆಂಡರಿ ಓದುವಾಗ ನಾನು ಆಗಾಗ ಸ್ಕೂಲು ತಪ್ಪಿಸಿ ಮನೆಯಲ್ಲಿ ಮಲಗುತ್ತಿದ್ದೆನಲ್ಲ, ಲೆಕ್ಕದ ಮೇಷ್ಟರಿಗೆ ಹೆದರಿ ಎಂದು ನೀನು ನಗುತ್ತಿದ್ದೆ. ಅದೇ ನೋವು. ಆಗ ತಿಂಗಳಿಗೊಮ್ಮೆ ಬರುತ್ತಿತ್ತು, ಈಗ ವಾರಕ್ಕೊಮ್ಮೆ. ತಲೆಯ ಒಂದೇ ಪಕ್ಕ, ಕಣ್ಣಿನ ಹಿಂದೆ ಯಾರೋ ಸ್ಕ್ರೂ ತಿರುಪಿದ ಹಾಗೆ. ಬೆಳಕು ಆಗದು, ಸದ್ದು ಆಗದು, ಒಗ್ಗರಣೆಯ ವಾಸನೆ ಬಂದರೆ ವಾಂತಿ. ನಮ್ಮ ಅಮ್ಮ ಜೈನಾಬ್ ಬೀಗೂ ಇದಿತ್ತು. ತಲೆಗೆ ಬಟ್ಟೆ ಬಿಗಿದು ಒಲೆಯ ಪಕ್ಕ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದು ಅವಳ ಸ್ವಭಾವ ಎಂದೇ ನಾವೆಲ್ಲ ತಿಳಿದಿದ್ದೆವು.

ಎಂಟು ವರ್ಷದಿಂದ ಮಳವಳ್ಳಿ–ಮದ್ದೂರು ಬಸ್ಸು ಓಡಿಸುತ್ತಿದ್ದೇನೆ. ಒಂದು ದಿನವೂ ರಜ ಕೇಳಿಲ್ಲ. ಕೇಳುವ ಹಾಗೂ ಇಲ್ಲ. ಆದ್ದರಿಂದ ಬೇಗ ಕಳಿಸು.

ನಿನ್ನ ಅಫ್ಸರ್


ಮಂಡ್ಯ
20 ಜೂನ್ 1941

ಅಫ್ಸರ್,

ಪುಡಿಯ ಪೊಟ್ಟಣಗಳು ಇದರ ಜೊತೆಗಿವೆ. ಊಟವಾದ ಮೇಲೆ ನೀರಿನಲ್ಲಿ ಕಲಸಿ ಕುಡಿ. ತಲೆನೋವು ಯಾರಿಗೆ ತಾನೇ ಇಲ್ಲ ಮಾರಾಯ? ಷಾಪಿಗೆ ಬರುವವರಲ್ಲಿ ಅರ್ಧ ಜನ ತಲೆ ಹಿಡಿದುಕೊಂಡೇ ಬರುತ್ತಾರೆ. ಪಿತ್ತ ಹೆಚ್ಚಾಗಿದೆ ಅಷ್ಟೆ. ಬೀಡಿ ಕಡಿಮೆ ಮಾಡು, ಹರಳೆಣ್ಣೆ ಹಚ್ಚಿ ಸ್ನಾನ ಮಾಡು, ಹೊತ್ತಿಗೆ ಸರಿಯಾಗಿ ಮಲಗು. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿದರೆ ಒಳ್ಳೆಯದು, ಕನ್ನಡಕ ಬೇಕಾಗಿರಬಹುದು.

ಇಲ್ಲಿ ನಾನೂ ಶ್ರೀಮತಿಯೂ ಕ್ಷೇಮ. ಅಂಥಾ ಗಟ್ಟಿ ಆಳು ಇಷ್ಟಕ್ಕೆಲ್ಲ ಕಾಗದ ಬರೆಯುವುದೇ ಎಂದು ಅವಳಿಗೆ ಹೇಳಿ ನಕ್ಕೆ. ಬೇಸರ ಮಾಡಿಕೊಳ್ಳಬೇಡ.

ಚಲುವ


ಮಳವಳ್ಳಿ
2 ಅಕ್ಟೋಬರ್ 1941

ಚಲುವ,

ನೀನು ಮೂರು ಸಲ ಕಳಿಸಿದ ಪುಡಿ ಮುಗಿಯಿತು. ಮೊದಲು ಒಂದಕ್ಕೆ ಇಳಿಯುತ್ತಿತ್ತು. ಈಗ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು ತೆಗೆದುಕೊಂಡರೂ ಪೂರ್ತಿ ಹೋಗುವುದಿಲ್ಲ. ರಂಜಾನಿನ ಉಪವಾಸ ಶುರುವಾದ ಮೇಲೆ ಇನ್ನೂ ಹೆಚ್ಚಾಗಿದೆ. ಹೊಟ್ಟೆ ಖಾಲಿಯಿದ್ದ ದಿನ ತಪ್ಪದೆ ಬರುತ್ತದೆ. ಉಪವಾಸ ಬಿಡಿ ಎಂದು ನಮ್ಮ ಮನೆಯವಳು ಆಮಿನಾ ಹೇಳುತ್ತಾಳೆ. ಬಿಟ್ಟರೆ ಮೊಹಲ್ಲಾದವರಿಗೆ ಏನು ಕಾರಣ ಹೇಳಲಿ? ಕಾಲು ಮುರಿದಿದ್ದರೆ ತೋರಿಸಬಹುದಿತ್ತು.

ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತಿದೆ. ಓದಿ ಹರಿದುಹಾಕು.

ನೋವಿಗೆ ಮೊದಲು ನನಗೆ ಒಂದು ಬೆಳಕು ಕಾಣುತ್ತದೆ. ಮೊದಲು ಸಾಸಿವೆಯಷ್ಟು. ಆಮೇಲೆ ಗರಗಸದ ಹಲ್ಲಿನ ಹಾಗೆ ಅಂಚು ಅಂಚಾಗಿ ಮಿನುಗುತ್ತ ದೊಡ್ಡದಾಗುತ್ತದೆ. ಅದು ಹರಡಿದ ಕಡೆ ಏನೂ ಕಾಣುವುದಿಲ್ಲ. ಕತ್ತಲೆಯೂ ಅಲ್ಲ. ಅಲ್ಲಿ ಏನೂ ಇಲ್ಲವೇ ಇಲ್ಲ, ಅಷ್ಟೆ. ಎದುರಿಗೆ ನಿಂತವನ ಮುಖದಲ್ಲಿ ಎಡಗಡೆ ಕೆನ್ನೆಯೇ ಇರುವುದಿಲ್ಲ. ಇಪ್ಪತ್ತು ನಿಮಿಷ ಹೀಗಿದ್ದು ಕಣ್ಣು ಸರಿಯಾಗುತ್ತದೆ, ನೋವು ಹಿಡಿಯುತ್ತದೆ. ಬಸ್ಸಿನಲ್ಲಿ ಬೆಳಕು ಕಂಡ ಕೂಡಲೇ ಎಂಜಿನ್ ಕಾದಿದೆ ಎಂದು ನೆಪ ಹೇಳಿ ನಿಲ್ಲಿಸಿಬಿಡುತ್ತೇನೆ. ರೇಡಿಯೇಟರ್ ಮುಚ್ಚಳ ತೆಗೆದು ಸುಮ್ಮನೆ ನೋಡುತ್ತ ನಿಲ್ಲುತ್ತೇನೆ.

ಮೊನ್ನೆ ಕಾಳಮುದ್ದನದೊಡ್ಡಿಯ ಹತ್ತಿರ ನಿಲ್ಲಿಸಲಿಲ್ಲ. ಮದ್ದೂರಿನಲ್ಲಿ ರೈಲು ಹಿಡಿಯುವವರು ಹತ್ತು ಜನ ಇದ್ದರು, ಅವಸರ. ರಸ್ತೆ ಖಾಲಿ ಎಂದೇ ಹೋಗುತ್ತಿದ್ದೆ. ಕಂಡಕ್ಟರ್ ತಿಮ್ಮಯ್ಯ ಹಿಂದಿನಿಂದ ಬಂದು ನನ್ನ ಭುಜ ಹಿಡಿದು, "ಅಣ್ಣ, ಗಾಡಿ ಐತೆ ಕಣಣ್ಣ, ಎಡಕ್ಕೆ" ಅಂದ. ಸ್ಟೇರಿಂಗು ಬಲಕ್ಕೆ ತಿರುಗಿಸಿದೆ. ಕಬ್ಬು ತುಂಬಿದ ಎತ್ತಿನ ಗಾಡಿ, ಚಲುವ. ಅಷ್ಟು ದೊಡ್ಡದು ನನಗೆ ಕಾಣಲಿಲ್ಲ. ಕಬ್ಬಿನ ಗರಿ ಬಸ್ಸಿನ ಮೈ ಸವರಿಕೊಂಡು ಹೋದ ಸದ್ದು ಮಾತ್ರ ಕೇಳಿಸಿತು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ದಿನಾ ಮದ್ದೂರಿಗೆ ವೀಳ್ಯದೆಲೆ ಒಯ್ಯುವ ಚಿಕ್ಕಬೋರಮ್ಮ, "ಯಾಕ್ ಮಗಾ, ಕಣ್ ಕಾಣಕ್ಕಿಲ್ವಾ ನಿಂಗೆ?" ಅಂದಳು. ನಿದ್ದೆ ಬಂದಿತ್ತು ಅಂದೆ. ಬೈದಳು. ಆ ಬೈಗುಳವೇ ವಾಸಿಯಾಗಿತ್ತು.

ಇದಕ್ಕೇನು ಔಷಧ ಎಂದು ನಿನ್ನ ಡಾಕ್ಟರನ್ನು ಕೇಳು. ನನ್ನ ಹೆಸರು ಹೇಳಬೇಡ.

ಅಫ್ಸರ್


ಮಂಡ್ಯ
7 ಅಕ್ಟೋಬರ್ 1941

ಅಫ್ಸರ್,

ನಿನ್ನ ಕಾಗದ ಓದಿದವನೇ ಎದ್ದು ಒಳಗೆ ಹೋದೆ. ಡಾಕ್ಟರನ್ನು ಕೇಳಿದೆ, ಹೆಸರು ಹೇಳಲಿಲ್ಲ. ಇದಕ್ಕೆ ಮೈಗ್ರೇನ್ ಎನ್ನುತ್ತಾರಂತೆ. ನಮ್ಮವರ ಅರೆತಲೆನೋವು. ಆ ಬೆಳಕೂ ಅದರದ್ದೇ ಭಾಗವಂತೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬೇರುಸಹಿತ ಕೀಳುವ ಔಷಧವೂ ಇಲ್ಲ ಎಂದರು. ಪುಡಿ ದಿನಾ ನುಂಗುತ್ತಿದ್ದರೆ ಪುಡಿಯೇ ತಲೆನೋವು ತರುತ್ತದಂತೆ. ಅದನ್ನು ಕಳಿಸಿದವನು ನಾನು.

ಬಸ್ಸು ಬಿಡು. ನಾಳೆಯೇ ಬಸ್ಸಿನ ಸಾಹುಕಾರರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಎಂಜಿನ್ ಕೆಲಸ ನಿನ್ನಷ್ಟು ಬಲ್ಲವರು ಅವರ ಷೆಡ್ಡಿನಲ್ಲಿ ಯಾರಿದ್ದಾರೆ? ರಿಪೇರಿಗೆ ಇಟ್ಟುಕೊಳ್ಳುತ್ತಾರೆ. ಇದು ನಿನ್ನ ಒಬ್ಬನ ತಲೆಯ ಮಾತಲ್ಲ. ಏನು ಮಾಡಿದೆ ಎಂದು ಕೂಡಲೇ ಬರೆ.

ಚಲುವ


ಮಳವಳ್ಳಿ
30 ಅಕ್ಟೋಬರ್ 1941

ಚಲುವ,

ಹಬ್ಬ ಚೆನ್ನಾಗಿ ಆಯಿತು. ಉಪವಾಸ ಮುಗಿದ ಮೇಲೆ ಆ ಬೆಳಕು ಕಾಣಿಸಿಕೊಂಡೇ ಇಲ್ಲ. ತಲೆಯೂ ಹಗುರಾಗಿದೆ. ನೀನು ಸುಮ್ಮನೆ ಗಾಬರಿಯಾಗಬೇಡ. ಸಾಹುಕಾರರಿಗೆ ಹೇಳುವಂಥದ್ದು ಈಗ ಏನೂ ಉಳಿದಿಲ್ಲ. ಮಗಳು ಶಮೀಮ್‌ಗೆ ಆರು ತುಂಬಿತು, ಸ್ಕೂಲಿಗೆ ಹೋಗುತ್ತಿದ್ದಾಳೆ. ತಂಗಿ ಶ್ರೀಮತಿಗೆ ಸಲಾಮು ಹೇಳು.

ಅಫ್ಸರ್


ಮಳವಳ್ಳಿ
18 ಫೆಬ್ರವರಿ 1942

ಚಲುವ,

ನನ್ನ ಕೆಲಸ ಹೋಯಿತು.

ಹೋದ ಸೋಮವಾರ ಬೆಳಗಿನ ಬಸ್ಸು ಹೊರಡುವ ಹೊತ್ತಿಗೆ ಸಾಹುಕಾರರು ಸ್ಟ್ಯಾಂಡಿಗೇ ಬಂದರು. ಹೆಸರಿಲ್ಲದ ಕಾಗದ ಬಂದಿದೆ ಎಂದು ಎಲ್ಲರ ಎದುರಿಗೆ ಅದನ್ನು ಓದಿದರು. ನಿಮ್ಮ ಡ್ರೈವರಿಗೆ ಆಗಾಗ ಅರ್ಧ ಕಣ್ಣು ಕಾಣುವುದಿಲ್ಲ, ಜನರ ಪ್ರಾಣದ ದೃಷ್ಟಿಯಿಂದ ತಿಳಿಸಿದೆ ಎಂದು ಅದರಲ್ಲಿತ್ತು. ನಿಜವೇನಪ್ಪ ಎಂದು ಕೇಳಿದರು. ನಾನು ಸುಳ್ಳು ಹೇಳಬಹುದಿತ್ತು. ಅಷ್ಟು ಜನ ನನ್ನ ಕಣ್ಣನ್ನೇ ನೋಡುತ್ತಿದ್ದರು, ನಿಜ ಅಂದೆ. "ಕೀಲಿ ಕೊಟ್ಟು ಮನೆಗೋಗು ಅಫ್ಸರ್. ನಿನ್ ಮ್ಯಾಲೆ ಸಿಟ್ಟಿಲ್ಲ ಕಣಪ್ಪ, ಆದ್ರೆ ಬಸ್ ಮುಟ್ಟಬ್ಯಾಡ," ಅಂದರು. ಕೊಟ್ಟೆ. ಬಸ್ಸಿನಲ್ಲಿ ಕೂತಿದ್ದವರು ಇಳಿದು ನನಗೆ ದಾರಿ ಬಿಟ್ಟರು, ಅಂಟುರೋಗದವನಿಗೆ ಬಿಟ್ಟ ಹಾಗೆ.

ಈಗ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೂರ್ಛೆರೋಗ ಎಂದು ಕೆಲವರು, ಕುಡಿತ ಎಂದು ಕೆಲವರು. ಷೆಡ್ಡಿನಲ್ಲೂ ಕೆಲಸ ಕೊಡಲಿಲ್ಲ. ಆಮಿನಾಳ ಅಣ್ಣನ ಮನೆಯಿಂದ ರಾಗಿ ಬಂದಿರಬೇಕು, ಎಲ್ಲಿಂದ ಎಂದು ನಾನು ಕೇಳಲಿಲ್ಲ.

ಆ ಕಾಗದ ಬರೆದವನು ತಿಮ್ಮಯ್ಯನೇ. ಬೇರೆ ಯಾರಿಗೆ ಗೊತ್ತಿತ್ತು? ನಿನ್ನೆ ಅವನ ಮನೆ ಬಾಗಿಲಿಗೆ ಹೋಗಿ ಬಾಯಿಗೆ ಬಂದದ್ದು ಅಂದು ಬಂದೆ. ಅವನ ಹೆಂಡತಿ ಅಳುತ್ತ ನಿಂತಿದ್ದಳು. ನೀನು ತಿಳಿದವನು, ಅವನ ಮೇಲೆ ಏನು ಮಾಡಬಹುದು ಎಂದು ಯೋಚಿಸಿ ಬರೆ.

ಅಫ್ಸರ್


ಮಂಡ್ಯ
21 ಮೇ 1942

ಅಫ್ಸರ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ತಿಂಗಳಾಯಿತು. ಎಷ್ಟು ಸಲ ಬರೆದು ಹರಿದೆನೋ. ತಿಮ್ಮಯ್ಯನ ತಪ್ಪೇನೂ ಇಲ್ಲ. ಸಾಹುಕಾರರಿಗೆ ಆ ಕಾಗದ ಬರೆದವನು ನಾನು.

ಕಾರಣ ಹೇಳುತ್ತೇನೆ, ಕೇಳು. ಬಿಡುವುದು ಹಿಡಿಯುವುದು ಆಮೇಲೆ ನಿನ್ನ ಇಷ್ಟ. ಎಲ್ಲ ವಾಸಿಯಾಯಿತು ಎಂದು ನೀನು ಬರೆದದ್ದನ್ನು ನಂಬಬೇಕೆಂದು ಬಹಳ ಪ್ರಯತ್ನಪಟ್ಟೆ. ಜನವರಿಯಲ್ಲಿ ಷಾಪಿಗೆ ಔಷಧ ತರಲು ಬೆಂಗಳೂರಿಗೆ ಹೊರಟವನು ಮದ್ದೂರಿನಲ್ಲಿ ಇಳಿದೆ, ನಿನ್ನನ್ನು ಕಣ್ಣಾರೆ ನೋಡಿ ಹೋಗೋಣವೆಂದು. ಮಳವಳ್ಳಿ ಬಸ್ಸು ಬಂತು. ನೀನು ಇಳಿದು ರೇಡಿಯೇಟರ್ ಹತ್ತಿರ ನಿಂತೆ. ನಾನು ನಿನ್ನ ಎಡಗಡೆ ನಾಲ್ಕು ಮಾರು ದೂರದಲ್ಲಿ ನಿಂತು ನಕ್ಕೆ. ನೀನು ನನ್ನ ಕಡೆ ತಿರುಗಿದೆ, ನೋಡಿದೆ, ನಗಲಿಲ್ಲ. ಗೋಡೆಯನ್ನು ನೋಡುವವನ ಹಾಗೆ ನೋಡಿ ಮುಖ ತಿರುಗಿಸಿದೆ. ನನ್ನ ಮೇಲೆ ಸಿಟ್ಟಾಗಿದ್ದೀಯೆ ಎಂದುಕೊಂಡೆ, ಮಾತಾಡಿಸಲಿಲ್ಲ. ಆಮೇಲೆ ನೀನು ಬಾಗಿಲ ಹಿಡಿಯನ್ನು ಕುರುಡರ ಹಾಗೆ ತಡವಿ ಹಿಡಿದು ಹತ್ತಿದ್ದನ್ನು ಕಂಡೆ. ಆಗ ಗೊತ್ತಾಯಿತು. ಬಸ್ಸು ಹೊರಟಿತು. ಕಿಟಕಿಯಲ್ಲಿ ಒಬ್ಬ ಬಾಣಂತಿ ಕೂಸಿಗೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ನಾನು ರೈಲಿಗೆ ಹೋಗಲೇ ಇಲ್ಲ, ನಿನ್ನ ಬಸ್ಸು ಮಳವಳ್ಳಿ ಮುಟ್ಟಿರಬಹುದು ಎನ್ನುವವರೆಗೂ ಸ್ಟ್ಯಾಂಡಿನಲ್ಲೇ ಕೂತಿದ್ದೆ.

ಅಲ್ಲಿಂದ ನೇರ ನಿನ್ನ ಮನೆಗೆ ಬರಬೇಕಿತ್ತು. ಬಂದು ನಿನ್ನ ಮುಖ ನೋಡಿ ಹೇಳಬೇಕಿತ್ತು. ಆ ಧೈರ್ಯ ಬರಲಿಲ್ಲ. ಬರೆದ ಕಾಗದಕ್ಕೆ ಹೆಸರು ಹಾಕುವ ಧೈರ್ಯವೂ ಬರಲಿಲ್ಲ. ಬರೆದದ್ದಕ್ಕೆ ನಾನು ಪಶ್ಚಾತ್ತಾಪ ಪಡುತ್ತಿಲ್ಲ, ಕದ್ದು ಬರೆದದ್ದಕ್ಕೆ ಪಡುತ್ತಿದ್ದೇನೆ. ತಿಮ್ಮಯ್ಯನಿಗೆ ಇವತ್ತೇ ಬೇರೆ ಕಾಗದ ಹಾಕಿ ಎಲ್ಲ ತಿಳಿಸಿದ್ದೇನೆ.

ಬೈದಾದರೂ ಬರೆ.

ಚಲುವ


ಮಂಡ್ಯ
9 ಜನವರಿ 1943

ಅಫ್ಸರ್,

ನೀನು ಬರೆಯುವುದಿಲ್ಲವೆಂದು ಗೊತ್ತು. ಯುದ್ಧದಲ್ಲಿ ಪೆಟ್ರೋಲ್ ಸಿಗದೆ ಈಗ ಬಸ್ಸುಗಳಿಗೆ ಇದ್ದಿಲ ಗ್ಯಾಸಿನ ಡಬ್ಬಿ ಕಟ್ಟುತ್ತಿದ್ದಾರಂತೆ, ನಿನಗೆ ಅದರ ರಿಪೇರಿ ಕೆಲಸ ಸಿಕ್ಕಿದೆಯಂತೆ. ಮಳವಳ್ಳಿ ಕಡೆಯಿಂದ ಬಂದ ರೋಗಿಯೊಬ್ಬ ಹೇಳಿದ. ಸಂತೋಷವಾಯಿತು. ಆ ಹೊಗೆ ತಲೆಗೆ ಒಳ್ಳೆಯದಲ್ಲ. ಗಾಳಿಯಾಡುವ ಕಡೆ ನಿಂತು ಕೆಲಸ ಮಾಡು.

ಚಲುವ


ಮಂಡ್ಯ
26 ನವೆಂಬರ್ 1944

ಅಫ್ಸರ್,

ನಮಗೆ ಮಗಳು ಹುಟ್ಟಿದ್ದಾಳೆ. ಬೇರೆ ವಿಶೇಷವಿಲ್ಲ. ನಿನಗೆ ತಿಳಿಸಬೇಕೆನ್ನಿಸಿತು.

ಚಲುವ


ಮಳವಳ್ಳಿ
14 ಜುಲೈ 1946

ಚಲುವನಾರಾಯಣನಿಗೆ,

ನಿನ್ನ ಮೂರು ಕಾಗದಗಳೂ ಮುಟ್ಟಿದ್ದವು. ಕೊನೆಯ ಎರಡನ್ನು ಆಮಿನಾ ಎತ್ತಿಟ್ಟಿದ್ದಳು, ನಾನು ಒಡೆದದ್ದು ಈ ವಾರ. ಮಗಳಿಗೆ ದೇವರು ಆಯಸ್ಸು ಕೊಡಲಿ.

ನಿನ್ನ ಮೇಲಿನ ಸಿಟ್ಟಿನ ಮಾತು ಹೇಳಿಬಿಡುತ್ತೇನೆ. ನೀನು ಮಾಡಿದ್ದು ಸರಿಯೆಂದು ನಿನ್ನ ಕಾಗದ ಓದಿದ ದಿನವೇ ನನಗೆ ಗೊತ್ತಿತ್ತು. ಸರಿ ಎಂದು ಗೊತ್ತಿದ್ದೂ ಸಿಟ್ಟು ಹೋಗಲಿಲ್ಲ. ಮನೆಯಲ್ಲಿ ಒಲೆ ಹಚ್ಚದ ದಿನಗಳಿದ್ದವು, ಆಗೆಲ್ಲ ನಿನ್ನ ಮುಖ ಕಣ್ಣಿಗೆ ಬರುತ್ತಿತ್ತು. ತಿಮ್ಮಯ್ಯನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವನು, "ಬುಡಣ್ಣ, ನಾನೇ ಯೋಳ್ಬೇಕಾಗಿತ್ತು, ಎದೆ ಬರನಿಲ್ಲ" ಅಂದ. ಆವತ್ತಿನಿಂದ ಅವನು ನನ್ನ ಮನೆಯವನ ಹಾಗೆ. ನಿನಗೆ ಬರೆಯಲು ಮಾತ್ರ ಕೈ ಏಳಲಿಲ್ಲ.

ಇದ್ದಿಲ ಹೊಗೆಯಲ್ಲಿ ಒಂದು ವರ್ಷ ಸತ್ತು ಬದುಕಿದೆ. ವಾರಕ್ಕೆ ನಾಲ್ಕು ದಿನ ನೋವು. ಅಂಗಡಿಯಿಂದ ಪುಡಿ ತಂದು ತಂದು ನುಂಗಿ ಹೊಟ್ಟೆ ಹುಣ್ಣಾಯಿತು. ಕೊನೆಗೆ ನೀನು ಹಿಂದೆ ಬರೆದದ್ದು ನೆನಪಾಗಿ ಒಂದೇ ಸಲ ಪುಡಿ ನಿಲ್ಲಿಸಿದೆ. ಮೂರು ವಾರ ನರಕ. ಆಮೇಲೆ ತಿಂಗಳಿಗೆ ಎರಡು ಮೂರಕ್ಕೆ ಇಳಿಯಿತು. ಈಗ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಬೆಳಕು ಕಂಡರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತೇನೆ. ಗಿರಾಕಿಗಳು ಗೊಣಗುತ್ತಾರೆ, ಮತ್ತೆ ಬರುತ್ತಾರೆ.

ಇಷ್ಟು ವರ್ಷದ ಮೇಲೆ ಬರೆಯುತ್ತಿರುವುದು ನನಗಾಗಿ ಅಲ್ಲ. ಶಮೀಮ್‌ಗೆ ಹನ್ನೊಂದು ನಡೆಯುತ್ತಿದೆ. ಯಾರು ಬೇಡವೆಂದರೂ ಅವಳನ್ನು ಕನ್ನಡ ಸ್ಕೂಲಿನಲ್ಲೇ ಓದಿಸುತ್ತಿದ್ದೇನೆ, ಚುರುಕು. ಎರಡು ತಿಂಗಳಿಂದ ಒಂದೊಂದು ದಿನ ಬೋರ್ಡಿನ ಮೇಲಿನ ಲೆಕ್ಕ ಅರ್ಧಂಬರ್ಧ ಬರೆದುಕೊಂಡು ಬರುತ್ತಾಳೆ. ಮಧ್ಯಾಹ್ನ ತಲೆ ಹಿಡಿದುಕೊಂಡು ವಾಂತಿ. ಕ್ಲಾಸಿನ ಟೀಚರ್ ಇಂದ್ರಮ್ಮನವರು ಲೆಕ್ಕ ತಪ್ಪಿಸಲು ನಾಟಕ ಎಂದು ಅವಳನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದ್ದಾರೆ. ಒಂದಲ್ಲ, ಮೂರು ಸಲ. ಅವಳು ನಮಗೆ ಹೇಳಲೂ ಇಲ್ಲ. ಜೊತೆಯ ಹುಡುಗಿ ಹೇಳಿದಳು.

ಸ್ಕೂಲು ಬಿಡಿಸಿ ಸುಮ್ಮನಿದ್ದುಬಿಡೋಣ ಎನ್ನುತ್ತಾಳೆ ಆಮಿನಾ. "ಊರಿಗೆ ಗೊತ್ತಾದರೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ?" ಎಂದು ಕೇಳಿದಳು. ಆದರೆ ಮುಚ್ಚಿಟ್ಟವನ ಗತಿ ಏನಾಗುತ್ತದೆ ಎಂದು ನನಗೆ ಗೊತ್ತು. ನಾನು ಸ್ಕೂಲಿಗೆ ಹೋಗಿ ಹೇಳಿದರೆ ಸೈಕಲ್ ರಿಪೇರಿಯವನ ಮಾತು ಯಾರು ಕೇಳುತ್ತಾರೆ? ಇದು ನಿಜವಾದ ಕಾಯಿಲೆ ಎಂದು ನಿನ್ನ ಡಾಕ್ಟರಿಂದ ಬರೆಸಿ ಕಳಿಸು.

ಅಫ್ಸರ್ ಪಾಷಾ


ಮಂಡ್ಯ
19 ಜುಲೈ 1946

ಅಫ್ಸರ್,

ಕಾಗದ ಬಂದ ದಿನವೇ ಡಾಕ್ಟರ ಹತ್ತಿರ ಕೂತು ಬರೆಸಿದ್ದೇನೆ. ಟಪಾಲಿಗೆ ಹಾಕುವುದಿಲ್ಲ. ಬರುವ ಶುಕ್ರವಾರ ರಜ ಕೇಳಿದ್ದೇನೆ, ನಾನೇ ತರುತ್ತೇನೆ. ಟೀಚರ ಎದುರು ನಿಂತು ಹೇಳಬೇಕಾದ್ದನ್ನೂ ನಾನೇ ಹೇಳುತ್ತೇನೆ.

ಅಲ್ಲಿಯವರೆಗೆ ಮಗುವನ್ನು ಬರಿಹೊಟ್ಟೆಯಲ್ಲಿ ಸ್ಕೂಲಿಗೆ ಕಳಿಸಬೇಡ. ರಂಜಾನ್ ಹತ್ತಿರ ಬಂತು, ಉಪವಾಸ ಮಾಡುತ್ತೇನೆ ಎಂದು ಹಟ ಹಿಡಿದರೆ ಸಮಾಧಾನ ಮಾಡು. ಬೆಳಕು ಕಂಡ ಕೂಡಲೇ ಕತ್ತಲೆ ಕೋಣೆಯಲ್ಲಿ ಮಲಗಿಸು, ಹಣೆಗೆ ಒದ್ದೆ ಬಟ್ಟೆ ಹಾಕು. ಪುಡಿ ಕೊಡಬೇಡ.

ನೀನು ಸ್ಕೂಲು ತಪ್ಪಿಸಿ ಮಲಗುತ್ತಿದ್ದಾಗ ನಾನು ನಿನ್ನ ಮನೆಯ ಕಿಟಕಿಯ ಹತ್ತಿರ ಬಂದು ಮಗ್ಗಿ ಕೂಗಿ ಅಣಕಿಸುತ್ತಿದ್ದೆ. ಅದನ್ನು ಮರೆತಿದ್ದೆ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಅದೇ ಕಿವಿಯಲ್ಲಿತ್ತು.

ಚಲುವ


ಮಳವಳ್ಳಿ
3 ಸೆಪ್ಟೆಂಬರ್ 1946

ಚಲುವ,

ಹಬ್ಬ ಮುಗಿಯಿತು. ಶ್ಯಾವಿಗೆ ಕಳಿಸೋಣವೆಂದರೆ ಮಂಡ್ಯದವರೆಗೆ ಕೆಡುತ್ತದೆ ಎಂದು ಆಮಿನಾ ಬಿಡಲಿಲ್ಲ. ಶ್ರೀಮತಿಯನ್ನೂ ಮಗುವನ್ನೂ ಕರೆದುಕೊಂಡು ಬಾ, ಇಲ್ಲೇ ಮಾಡಿ ಹಾಕುತ್ತಾಳೆ.

ಅವತ್ತು ಬಸ್ಸಿಳಿದವನನ್ನು ಕಂಡು "ಬಂದ್ಯೇನ್ಲಾ" ಅಂದು ನಿನ್ನ ಚೀಲ ಕೈಗೆ ತೆಗೆದುಕೊಂಡೆ. ನಿನ್ನ ತಲೆಯಲ್ಲಿ ಅಷ್ಟು ಬಿಳಿ ಕೂದಲು ಬಂದಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನೀನು ಹೋದ ಮೇಲೆ ಆದದ್ದನ್ನು ಕೇಳು. ಇಂದ್ರಮ್ಮನವರು ನಿನ್ನೆದುರು ಡಾಕ್ಟರ ಕಾಗದ ಓದಿ ಸುಮ್ಮನೆ ಮಡಿಸಿಟ್ಟರಲ್ಲ, ಒಪ್ಪಿದರೋ ಇಲ್ಲವೋ ಎಂದು ನಾವಿಬ್ಬರೂ ಅನುಮಾನಪಟ್ಟೆವು. ಮಾರನೆಯ ವಾರ ಅವರೇ ಮನೆಗೆ ಬಂದರು. ಒಳಗೆ ಬನ್ನಿ ಅಂದರೂ ಬಾಗಿಲಲ್ಲೇ ನಿಂತು, ತಮ್ಮ ಅಕ್ಕನೂ ಹೀಗೆಯೇ ಮಲಗುತ್ತಿದ್ದಳು, ಗಂಡನ ಮನೆಯವರು ಸೋಮಾರಿ ಎಂದು ತವರಿಗೆ ಅಟ್ಟಿದರು, ತಾವೂ ಹಾಗೇ ನಂಬಿದ್ದಾಗಿ ಹೇಳಿದರು. ಆಮಿನಾ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅವತ್ತಿನಿಂದ ಸ್ಕೂಲು ಬಿಡಿಸುವ ಮಾತು ನಿಂತಿದೆ. ಶಮೀಮ್‌ಗೆ ಬೆಳಕು ಕಂಡ ದಿನ ಹೊಲಿಗೆ ಕೋಣೆಯಲ್ಲಿ ಚಾಪೆ ಹಾಸಿಕೊಡುತ್ತಾರಂತೆ.

ಊರಿಗೆ ಗೊತ್ತಾಗಿದೆ. ಮುಂದೆ ಮದುವೆಯ ಹೊತ್ತಿಗೆ ಏನಾಗುತ್ತದೋ ಹೇಳಲಾರೆ. ನೋವಂತೂ ಅವಳನ್ನು ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ.

ಮೊನ್ನೆ ಭಾನುವಾರ ನಮಗಿಬ್ಬರಿಗೂ ಒಂದೇ ದಿನ ಬಂತು. ಕಿಟಕಿಗೆ ಗೋಣಿತಾಟು ಕಟ್ಟಿ ಆಮಿನಾ ಒಂದೇ ಕೋಣೆಯಲ್ಲಿ ಎರಡು ಹಾಸಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಶಮೀಮಳ ನೋವು ಸ್ವಲ್ಪ ಇಳಿದಿತ್ತು. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಕೇಳಿದಳು. ನಮ್ಮ ಮಾತಿನಲ್ಲಿ ಕೇಳಿದ್ದನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಬ್ಬಾ, ನಾನು ಚಿಕ್ಕವಳಿದ್ದಾಗ ನೀವು ಬಾಗಿಲು ಹಾಕಿಕೊಂಡು ಮಲಗುತ್ತಿದ್ದಿರಲ್ಲ, ಆಗಲೂ ಇದೇನಾ?"

ಹೌದು ಅಂದೆ.

ನಿದ್ದೆ ಹೋದಳು ಅಂದುಕೊಂಡೆ. ಆಮೇಲೆ, "ನಮ್ಮ ಮೇಲೆ ಸಿಟ್ಟು ಅಂದುಕೊಂಡಿದ್ದೆ," ಅಂದಳು. "ನಾನು ಗಲಾಟೆ ಮಾಡ್ತೀನಿ ಅಂತ. ಅದಕ್ಕೇ ನಾನು ಹಿತ್ತಿಲಿಗೆ ಹೋಗಿ ಕೂತಿರುತ್ತಿದ್ದೆ."

ಊರಿನಿಂದ, ಸಾಹುಕಾರರಿಂದ, ನಿನ್ನಿಂದ ಮುಚ್ಚಿಟ್ಟದ್ದರ ಫಲ ನನಗೆ ಗೊತ್ತಿತ್ತು, ಚಲುವ. ಇದೊಂದು ಗೊತ್ತಿರಲಿಲ್ಲ. ಎದ್ದು ಕೂರುವ ಹಾಗಿರಲಿಲ್ಲ, ತಲೆ ಎತ್ತಿದರೆ ಕೋಣೆ ತಿರುಗುತ್ತಿತ್ತು. ಮಲಗಿದ ಕಡೆಯಿಂದಲೇ ಕೈ ಚಾಚಿದೆ. ಅವಳು ಹಿಡಿದುಕೊಂಡಳು. ಸಂಜೆ ಆಮಿನಾ ಗಂಜಿ ತಂದು ಎಬ್ಬಿಸುವವರೆಗೂ ಬಿಡಲಿಲ್ಲ.

ನಿನ್ನ
ಅಫ್ಸರ್